ಹಿಂದೆ ನಿಂತವರ ಮಾತು ಹಾಸಿಗೆಯವರೆಗೆ: ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಲ್ಲರನ್ನೂ ಜೊತೆಗೂಡಿಸಿಕೊಂಡು ಗುಂಪು ನಡೆಸಲು ಕಲಿಸುವ ಬಗೆ

ಮುಳಬಾಗಿಲು ದಾಟಿ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಿಂದ ಬಂದ ಅಜ್ಜಿ. ಮೆಡಿಕಲ್ ವಾರ್ಡಿಗೆ ಸೇರಿ ಎರಡನೇ ದಿನ. ನಮ್ಮ ಬ್ಯಾಚಿನ ಸಿ.ಆರ್. (ತರಗತಿಯ ಪ್ರತಿನಿಧಿ), ಹಾಸನ ಕಡೆಯ ಚುರುಕು ಹುಡುಗಿ, ಹಾಸಿಗೆ ಪಕ್ಕ ನಿಂತು "ಏನಾಗ್ತಿದೆ ಅಜ್ಜಿ?" ಅಂದಳು. "ಆಯಾಸಂ ಅಮ್ಮಾ, ಆಯಾಸಂ" ಅಂತು ಅಜ್ಜಿ. ಇವಳು 'ಆಯಾಸ, ಸುಸ್ತು' ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದಳು. ಕನ್ನಡದಲ್ಲಿ ಆ ಪದಕ್ಕೆ ಅಷ್ಟೇ ಅರ್ಥ. ಆದರೆ ತೆಲುಗಿನವರು ಆಯಾಸಂ ಅಂದರೆ ಏದುಸಿರು, ದಮ್ಮು ಹತ್ತುವುದು. ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ಅಜ್ಜಿಯ ಕಾಲಿನ ಊತ, ಉಸಿರಿನ ವೇಗ ನೋಡಿ ಮೊದಲು ಡ್ರಿಪ್ ನಿಲ್ಲಿಸಿದರು. ಅಜ್ಜಿ ಉಳಿದುಕೊಂಡಳು.

ಆಮೇಲೆ ಗೊತ್ತಾಯಿತು, ಅದೇ ಗುಂಪಿನಲ್ಲಿ ಹಿಂದೆ ನಿಂತಿದ್ದ ಶ್ರೀನಿವಾಸಪುರದ ಹುಡುಗಿಗೆ ಅಜ್ಜಿ ಹೇಳಿದ್ದು ಬೆಳಿಗ್ಗೆಯೇ ಅರ್ಥವಾಗಿತ್ತು. ಮನೆಯಲ್ಲಿ ತೆಲುಗು ಆಡುವವಳು. "ಯಾಕಮ್ಮ ಹೇಳಲಿಲ್ಲ?" ಅಂದರೆ, "ಸಿ.ಆರ್. ಅಕ್ಕ ಬರೀತಾ ಇದ್ರಲ್ಲ ಮೇಡಂ, ಮಧ್ಯೆ ಬಾಯಿ ಹಾಕೋದು ಹೇಗೆ?" ಎಂದಳು. ಇಂಗ್ಲಿಷು ಬಾರದವಳು ಅಂತ ಅವಳನ್ನು ಹಿಂದಿನ ಸಾಲಿಗೆ ತಳ್ಳಿದ್ದು ಸಿ.ಆರ್. ಅಲ್ಲ, ನಾನು. ಬೋಧಕಿಯಾಗಿ ಎಷ್ಟೋ ವರ್ಷ ಚೆನ್ನಾಗಿ ಮಾತಾಡುವವರನ್ನೇ ಮುಂದೆ ನಿಲ್ಲಿಸಿ, ಅದನ್ನೇ ನಾಯಕತ್ವ ಅಂದುಕೊಂಡಿದ್ದೆ.

ಗುಂಪಿನಲ್ಲಿ ಯಾರಿಗೋ ಗೊತ್ತಿರುವ ವಿಷಯ ರೋಗಿಯ ಹಾಸಿಗೆಯವರೆಗೆ ತಲುಪುವಂತೆ ಮಾಡುವವರು ಯಾರೋ ಅವರೇ ಆ ಗುಂಪಿನ ಲೀಡರ್. ಈ ಬರಹದಲ್ಲಿ ಆ ಮಾತನ್ನು ನಾನು ಬಳಸುವುದು ಇದೇ ಅರ್ಥದಲ್ಲಿ. ಬಿ.ಎಸ್ಸಿ. ನರ್ಸಿಂಗಿನ ಹೊಸ ಸೆಮಿಸ್ಟರ್ ಪಠ್ಯದಲ್ಲಿ ಆಡಳಿತ ಮತ್ತು ನಾಯಕತ್ವ ಎಂಬ ವಿಷಯ ಆರನೇ ಸೆಮಿಸ್ಟರಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಹಿಂದೆ ನಿಂತವರು ಎರಡೂವರೆ ವರ್ಷ ಹಿಂದಿನ ಸಾಲಿನಲ್ಲೇ ನಿಂತು ಅಭ್ಯಾಸ ಮಾಡಿಕೊಂಡಿರುತ್ತಾರೆ. ಹಾಗಾಗಿ ವಾರ್ಡಿನಲ್ಲಿ ಕೆಲಸ ಕಲಿಯಲು ಕಳಿಸುವ ಮೊದಲ ಕ್ಲಿನಿಕಲ್ ಪೋಸ್ಟಿಂಗಿನಿಂದಲೇ ಶುರು ಮಾಡಬೇಕು ಎನ್ನುವುದು ನನ್ನ ಮತ. ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮಕ್ಕಳಿಗೂ ಇದೇ ಕ್ರಮ ನಡೆಯುತ್ತದೆ.

ಹಂತ 1: ಬ್ಯಾಚಿನಲ್ಲಿ ಯಾರಿದ್ದಾರೆ ನೋಡಿ

ಕೋಲಾರದ ನರ್ಸಿಂಗ್ ಕ್ಲಾಸಿನಲ್ಲಿ ಹಾಜರಿ ಕೂಗಿದರೆ ಅರ್ಧ ದೇಶ ಎದ್ದು ನಿಲ್ಲುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರ ಮನೆಮಾತು ತೆಲುಗು. 2007ರಲ್ಲಿ ನಮ್ಮಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯವರದೂ ಅದೇ. ಕೆ.ಜಿ.ಎಫ್. ಕಾಲೊನಿಗಳ ಮಕ್ಕಳು ಮನೆಯಲ್ಲಿ ತಮಿಳು ಆಡುತ್ತಾರೆ. ಅಜ್ಜ ಗಣಿಯಲ್ಲಿದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಪ್ಪ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು. ಪೇಟೆಯ ಮುಸ್ಲಿಂ ಹುಡುಗಿಯರು ನಮ್ಮ ಕಡೆಯ ಉರ್ದು ಆಡುತ್ತಾರೆ. ಇವರ ಜೊತೆಗೆ ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳು, ಕಲ್ಯಾಣ ಕರ್ನಾಟಕ. 2011ರ ಜನಗಣತಿಯಂತೆ ಈ ಜಿಲ್ಲೆಯ ನೂರು ಜನರಲ್ಲಿ ಸುಮಾರು 30 ಜನ ಪರಿಶಿಷ್ಟ ಜಾತಿಯವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಮ್ಮ ಬೆಂಚುಗಳಲ್ಲಿ ತುಂಬಾ ಇದ್ದಾರೆ.

ಮೊದಲ ವಾರ ಒಂದೇ ಒಂದು ಪಟ್ಟಿ ಮಾಡಿಸಿ: ಭಾಷೆಯ ಪಟ್ಟಿ. ಹೆಸರಿನ ಮುಂದೆ ಮೂರು ಕಲಂ. ಮನೆಯಲ್ಲಿ ಆಡುವ ಮಾತು ಯಾವುದು, ರೋಗಿಯ ಜೊತೆ ಯಾವ ಭಾಷೆಯಲ್ಲಿ ಧೈರ್ಯವಾಗಿ ಮಾತಾಡಬಲ್ಲೆ, ಯಾವುದು ಕೇಳಿದರೆ ಅರ್ಥವಾಗುತ್ತೆ ಆದರೆ ಆಡಲು ಬಾರದು. ಮೂರನೆಯ ಕಲಂ ಬಿಡಬೇಡಿ. ನಮ್ಮ ಕಡೆಯ ಹೆಚ್ಚಿನವರಿಗೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ, ಕೇಳಿದರೆ "ಬರಲ್ಲ ಮೇಡಂ" ಅಂದುಬಿಡುತ್ತಾರೆ.

ಜಾತಿ, ಧರ್ಮ, ಅಪ್ಪನ ಸಂಪಾದನೆ ಈ ಪಟ್ಟಿಯಲ್ಲಿ ಬರಬಾರದು. ಅವು ಆಫೀಸಿನ ಕಡತದಲ್ಲಿವೆ, ಅಲ್ಲೇ ಇರಲಿ. ಸ್ಕಾಲರ್‌ಶಿಪ್ ಅರ್ಜಿಯ ನೆಪದಲ್ಲಿ "ಎಸ್ಸಿ, ಎಸ್ಟಿ ಎಲ್ಲಾ ಎದ್ದು ನಿಲ್ಲಿ" ಎಂದು ಕ್ಲಾಸಿನಲ್ಲಿ ಕೂಗುವ ಅಭ್ಯಾಸ ನಿಮ್ಮಲ್ಲಿದ್ದರೆ, ಮುಂದಿನ ಹಂತಗಳನ್ನು ಓದುವ ಮೊದಲು ಅದನ್ನು ನಿಲ್ಲಿಸಿ. ಎಸ್.ಎಸ್.ಪಿ. (ರಾಜ್ಯದ ಸ್ಕಾಲರ್‌ಶಿಪ್) ಪೋರ್ಟಲ್ಲಿನ ಕೊನೆಯ ದಿನಾಂಕವನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಸಂಬಂಧಪಟ್ಟವರು ತಾವಾಗಿಯೇ ಬರುತ್ತಾರೆ.

ಹೆಸರನ್ನೂ ಸರಿಯಾಗಿ ಕಲಿಯಿರಿ. ಮಣಿಪುರದ ಹುಡುಗಿಯ ಹೆಸರು ನಾಲಿಗೆಗೆ ಸಿಕ್ಕುವುದಿಲ್ಲ ಎಂದು ನಾನೇ ಒಂದು ವರ್ಷ ಅವಳನ್ನು 'ನೀನಮ್ಮಾ, ಎರಡನೇ ಸಾಲು' ಎಂದು ಕರೆದಿದ್ದೇನೆ. ಅವಳು ಆ ವರ್ಷ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹಂತ 2: ಲೀಡರ್ ಪಾಳಿ ಸುತ್ತಲಿ

ಹತ್ತು ವಿದ್ಯಾರ್ಥಿಗೆ ಒಬ್ಬ ಬೋಧಕರು ಎಂಬುದು ನರ್ಸಿಂಗ್ ಕೌನ್ಸಿಲ್ಲಿನ ಲೆಕ್ಕ. ವಾರ್ಡಿನಲ್ಲಿ ಗುಂಪು ಎಂಟರದ್ದಾದರೆ ನಡೆಸಲು ಸಲೀಸು. ನಾಲ್ಕು ವಾರದ ಪೋಸ್ಟಿಂಗ್ ಅಂದರೆ ಭಾನುವಾರ ಬಿಟ್ಟು 24 ದಿನ. ಎಂಟು ಜನರಿಗೆ ತಲಾ ಮೂರು ದಿನ ಬರುತ್ತದೆ, ಯಾರನ್ನೂ ಬಿಡುವ ಪ್ರಶ್ನೆಯೇ ಇಲ್ಲ. ಮೂರು ದಿನ ಯಾಕೆ ಅಂದರೆ, ಮೊದಲ ದಿನ ಕೈ ನಡುಗುತ್ತದೆ, ಎರಡನೇ ದಿನ ಎಲ್ಲರ ಮೇಲೂ ರೇಗುತ್ತಾರೆ, ಮೂರನೇ ದಿನ ಕೆಲಸ ಕೂಡಿಬರುತ್ತದೆ. ಒಂದೇ ದಿನ ಕೊಟ್ಟರೆ ನಡುಕ ಮಾತ್ರ ಕಲಿಯುತ್ತಾರೆ.

ಪಾಳಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಅಂಕದ ಪ್ರಕಾರ ಬೇಡ, ಹಾಜರಿ ಕ್ರಮವೂ ಬೇಡ. ಮುಂದಿನ ಪಾಳಿಯವರು ಈಗಿನ ಲೀಡರಿನ ಪಕ್ಕದಲ್ಲೇ ಇದ್ದು ನೋಡಿ ಕಲಿಯಲಿ. ಇಡೀ ಬ್ಯಾಚಿಗೆ ಸಿ.ಆರ್. ಬೇರೆ ಇರಲಿ, ಆಫೀಸಿನ ಓಡಾಟಕ್ಕೆ ಬೇಕು. ಆದರೆ ವಾರ್ಡಿನೊಳಗೆ ಅವರೂ ಎಂಟರಲ್ಲಿ ಒಬ್ಬರು.

"ನನಗೆ ಬೇಡ ಮೇಡಂ, ಅವಳೇ ಮಾಡಲಿ" ಎಂದು ಕೈಮುಗಿಯುವವರು ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಬಲವಂತವಾಗಿ ಮುಂದೆ ನೂಕಬೇಡಿ, ಪಟ್ಟಿಯಿಂದ ಬಿಡಲೂಬೇಡಿ. ಅವರ ಪಾಳಿಯನ್ನು ಕೊನೆಗೆ ಇಟ್ಟು, ಅಷ್ಟರೊಳಗೆ ಸಣ್ಣ ಜವಾಬ್ದಾರಿ ಕೊಡಿ: ಬಿ.ಪಿ. ಚಾರ್ಟುಗಳೆಲ್ಲ ತುಂಬಿವೆಯೇ ಎಂದು ನೋಡುವುದು, ಎಮರ್ಜೆನ್ಸಿ ಟ್ರಾಲಿಯ ಪಟ್ಟಿ ಓದಿ ಹೇಳುವುದು. ಕೆಲಸ ಗೊತ್ತಿದ್ದು ಮಾತಿಗೆ ಹೆದರುವವರು ಒಂದು ತರಹ, ಕೆಲಸವೇ ಗೊತ್ತಿಲ್ಲದೆ ಹೆದರುವವರು ಇನ್ನೊಂದು ತರಹ. ಎರಡನೆಯವರಿಗೆ ಮೊದಲು ಕೆಲಸ ಕಲಿಸಿ.

ಹಂತ 3: ಕೆಲಸದ ಹಾಳೆ

ಇದು ಅತ್ಯಂತ ಸುಲಭದ ಹಂತ, ಅತ್ಯಂತ ಮುಜುಗರದ್ದೂ ಹೌದು. ಒಂದು ಗೆರೆ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಎಂಟು ಹೆಸರು. ಮೇಲೆ ಸಾಲಾಗಿ ಕೆಲಸಗಳು: ಇಂಜೆಕ್ಷನ್, ಕ್ಯಾತಿಟರ್ (ಮೂತ್ರದ ನಳಿಕೆ), ಡ್ರೆಸ್ಸಿಂಗ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ), ಬೆಡ್‌ಪ್ಯಾನ್, ಸ್ಪಾಂಜ್ ಬಾತ್, ಲ್ಯಾಬಿಗೆ ಓಡುವುದು, ಸಿಲಿಂಡರ್ ಎಳೆಯುವುದು, ರೌಂಡ್ಸಿನಲ್ಲಿ ಕೇಸ್ ಹೇಳುವುದು. ಮಾಡಿದವರ ಮುಂದೆ ದಿನದ ಕೊನೆಗೆ ಗೀಟು ಹಾಕುವುದು ಲೀಡರ್ ಕೆಲಸ.

ಎರಡು ವಾರ ಆದಮೇಲೆ ಗುಂಪಿನ ಮಧ್ಯೆ ಆ ಹಾಳೆ ಇಡಿ. ಏನೂ ಹೇಳಬೇಡಿ. ಸಿಲಿಂಡರ್ ಕಲಮಿನಲ್ಲಿ ಬರೀ ಹುಡುಗರ ಗೀಟು, ಸ್ಪಾಂಜ್ ಬಾತಿನಲ್ಲಿ ಅವರ ಒಂದೂ ಇಲ್ಲ. ಬೆಡ್‌ಪ್ಯಾನ್ ಕಲಮಿನಲ್ಲಿ ಎರಡೇ ಹೆಸರಿನ ಮುಂದೆ ಸಾಲುಗಟ್ಟಿ ಗೀಟು. ಆ ಇಬ್ಬರು ಯಾರು, ಯಾಕೆ ಅವರೇ ಎಂದು ಮಕ್ಕಳು ತಾವೇ ನೋಡುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ. ಮಲಮೂತ್ರ ಎತ್ತುವ ಕೆಲಸಕ್ಕೆ ಈ ದೇಶದಲ್ಲಿ ಇಂಥವರೇ ಎಂದು ಮೊದಲೇ ಬರೆದಿಟ್ಟಿರುವ ಅಲಿಖಿತ ಪಟ್ಟಿ ಇದೆ, ಬಿಳಿ ಕೋಟು ಹಾಕಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ಉಪನ್ಯಾಸ ಬೇಡ. "ಮುಂದಿನ ಎರಡು ವಾರಕ್ಕೆ ಈ ಹಾಳೆ ಹೇಗೆ ಕಾಣಬೇಕು?" ಎಂದು ಮುಂದಿನ ಲೀಡರನ್ನು ಕೇಳಿ, ಅವರೇ ಹಂಚಲಿ.

ಹಂತ 4: ಹ್ಯಾಂಡ್‌ಓವರ್, ಇಲ್ಲಿ ನಿಧಾನಿಸಿ

ನನ್ನ ಅನುಭವದಲ್ಲಿ ನಾಯಕತ್ವದ ಮುಕ್ಕಾಲು ಪಾಲು ಕಲಿಯುವುದು ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವ ಆ ಹದಿನೈದು ನಿಮಿಷದಲ್ಲಿ. ಹ್ಯಾಂಡ್‌ಓವರಿಗೆ ಎಸ್‌ಬಿಎಆರ್ (ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಷನ್) ಎಂಬ ಚೌಕಟ್ಟು ಎಲ್ಲ ಪಠ್ಯದಲ್ಲೂ ಇದೆ. ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದದ್ದು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಹಾಸಿಗೆ ಪಕ್ಕ ಮರೆಯುತ್ತಾರೆ. ನಾವು ಅದನ್ನು ನಾಲ್ಕು ಪ್ರಶ್ನೆ ಮಾಡಿಕೊಂಡೆವು:

ಈಗ ಏನಾಗ್ತಿದೆ?
ಹಿಂದೆ ಏನಾಗಿತ್ತು?
ನಿನಗೆ ಏನನ್ನಿಸುತ್ತೆ?
ಈಗ ಏನು ಮಾಡಬೇಕು?

ಆ ಅಜ್ಜಿಯ ಹ್ಯಾಂಡ್‌ಓವರ್ ಸರಿಯಾಗಿ ಆಗಿದ್ದರೆ ಹೀಗಿರುತ್ತಿತ್ತು: "ಆರನೇ ಹಾಸಿಗೆ. ಉಸಿರಾಟ ನಿಮಿಷಕ್ಕೆ 28, ಆಕ್ಸಿಜನ್ 91, ಬೆಳಿಗ್ಗೆಯಿಂದ ದಮ್ಮು ಅಂತಿದ್ದಾರೆ. ಬಿ.ಪಿ. ಹಳೇದು, ಹೃದಯದ ತೊಂದರೆಗೆ ಮಾತ್ರೆ ತಗೋತಿದ್ರು, ನಿನ್ನೆಯಿಂದ ಡ್ರಿಪ್ ಓಡ್ತಿದೆ, ಕಾಲು ಊದಿದೆ. ನನಗೆ ನೀರು ಜಾಸ್ತಿ ಆಗಿರಬಹುದು ಅನ್ನಿಸುತ್ತೆ. ತಲೆಕಡೆ ಎತ್ತಿ ಕೂರಿಸಿದ್ದೀನಿ. ಡ್ಯೂಟಿ ಡಾಕ್ಟರಿಗೆ ಈಗಲೇ ಹೇಳಿ ಡ್ರಿಪ್ ಮುಂದುವರಿಸಬೇಕಾ ಕೇಳಬೇಕು. ಮೂತ್ರದ ಅಳತೆ ಬರೆಯಲು ಶುರು ಮಾಡಬೇಕು."

ಮೊದಲೆರಡು ಪ್ರಶ್ನೆಗೆ ಕೇಸ್ ಶೀಟು ನೋಡಿ ಯಾರು ಬೇಕಾದರೂ ಉತ್ತರ ಹೇಳುತ್ತಾರೆ. ಮೂರನೆಯದರಲ್ಲಿ ಗಂಟಲು ಕಟ್ಟುತ್ತದೆ. 'ನನಗೆ ಏನನ್ನಿಸುತ್ತೆ' ಎಂದು ಹೇಳುವ ಹಕ್ಕು ತನಗಿದೆ ಎಂದು ಹಲವರಿಗೆ ಮನೆಯಲ್ಲೂ ಯಾರೂ ಹೇಳಿರುವುದಿಲ್ಲ, ಶಾಲೆಯಲ್ಲೂ ಹೇಳಿರುವುದಿಲ್ಲ. ಆದ್ದರಿಂದ ಲೀಡರ್ ಮಾಡಬೇಕಾದ ಕೆಲಸಗಳು ಇವು:

ಒಂದು, ಮಾತಿನ ಸರದಿ ಕಿರಿಯರಿಂದ, ಸುಮ್ಮನಿರುವವರಿಂದ ಶುರುವಾಗಲಿ. ಲೀಡರ್ ಕೊನೆಗೆ ಮಾತಾಡಲಿ. ಮೊದಲೇ ಲೀಡರ್ "ಇದು ಸುಸ್ತು ಅಷ್ಟೇ" ಅಂದುಬಿಟ್ಟರೆ ಉಳಿದ ಏಳು ಬಾಯಿ ಮುಚ್ಚುತ್ತವೆ.

ಎರಡು, ಕೇಳಿದ ಮೇಲೆ ಕಾಯಲಿ. ಡ್ರಿಪ್ಪಿನ ಚೇಂಬರ್ ನೋಡುತ್ತಾ ಹತ್ತು ಹನಿ ಎಣಿಸು ಎಂದು ನಾನು ಹೇಳಿಕೊಡುತ್ತೇನೆ. ಆ ಮೌನ ತಡೆಯಲಾರದೆ ನಾವು ಬೋಧಕರೇ ಉತ್ತರ ಹೇಳಿಬಿಡುತ್ತೇವೆ. ನನಗಿನ್ನೂ ಆ ಚಟ ಪೂರ್ತಿ ಬಿಟ್ಟಿಲ್ಲ.

ಮೂರು, "ಯಾರಿಗಾದ್ರೂ ಏನಾದ್ರೂ ಇದೆಯಾ?" ಎಂದು ಗಾಳಿಗೆ ಕೇಳುವುದು ಬೇಡ. ಅದಕ್ಕೆ ಬರುವ ಉತ್ತರ 'ಇಲ್ಲ'. ಹೆಸರು ಹಿಡಿದು, ಅವರು ಮಾಡಿದ ಕೆಲಸ ಹಿಡಿದು ಕೇಳಲಿ: "ನೀನು ಅಜ್ಜಿಗೆ ಸ್ಪಾಂಜ್ ಮಾಡಿದೆಯಲ್ಲ, ಮಲಗಿಸಿದಾಗ ಹೇಗಿದ್ರು?"

ನಾಲ್ಕು, ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಇಂಗ್ಲಿಷಿನಲ್ಲಿ ಬರೆಯುವುದು ಆಮೇಲೆ, ಪಕ್ಕದವರ ಸಹಾಯದಿಂದ. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ, ದಾಖಲೆ ಅದರಲ್ಲೇ ಇರುತ್ತದೆ. ಆದರೆ ಗಮನಿಸಿದ್ದನ್ನು ಹೇಳುವಾಗಲೇ ವ್ಯಾಕರಣ ತಿದ್ದಿದರೆ ಮುಂದಿನ ಸಲ ಗಮನಿಸಿದ್ದೂ ಒಳಗೇ ಉಳಿಯುತ್ತದೆ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಉತ್ತರ ಅಮೆರಿಕದ 23 ನವಜಾತ ಶಿಶುಗಳ ಐ.ಸಿ.ಯು.ಗಳಲ್ಲಿ ನಡೆಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕೆಳಗಿನ ಸ್ತರದ ಸಿಬ್ಬಂದಿಗೆ ಬಾಯಿಬಿಡಲು ಹೆಚ್ಚು ಅಂಜಿಕೆ, ಆದರೆ ಮೇಲಿನವರು ಮಾತಿನಲ್ಲೂ ನಡತೆಯಲ್ಲೂ "ನಿಮ್ಮ ಅಭಿಪ್ರಾಯ ಹೇಳಿ" ಎಂದು ಕರೆದಾಗ ಆ ಅಂತರ ಕುಗ್ಗುತ್ತದೆ ಎಂದು ಅದರಲ್ಲಿ ಕಂಡುಬಂತು.

ಹಂತ 5: ಭಾಷೆ ಗೊತ್ತಿದ್ದವರ ಬಳಕೆ, ದುರ್ಬಳಕೆ

ಭಾಷೆಯ ಪಟ್ಟಿಯನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿದಿರಿ ಅಂದುಕೊಳ್ಳಿ. ಒಂದೇ ವಾರದಲ್ಲಿ ಕೆ.ಜಿ.ಎಫ್.ನ ಹುಡುಗಿಯನ್ನು ಮೂರು ವಾರ್ಡಿನವರು "ತಮಿಳ್ ಪೇಷೆಂಟ್ ಬಂದಿದ್ದಾರೆ, ಕಳಿಸಿ" ಎಂದು ಕರೆಯಲು ಶುರು ಮಾಡುತ್ತಾರೆ. ಅವಳಿಗೂ ಹೆಮ್ಮೆ, ಓಡಿಹೋಗುತ್ತಾಳೆ. ತಿಂಗಳ ಕೊನೆಗೆ ನೋಡಿದರೆ ಕೆಲಸದ ಹಾಳೆಯಲ್ಲಿ ಅವಳ ಮುಂದೆ ಕ್ಯಾತಿಟರೂ ಇಲ್ಲ, ಡ್ರೆಸ್ಸಿಂಗೂ ಇಲ್ಲ. ಎಲ್ಲರಿಗೂ ಬೇಕಾದವಳಾದಳು, ಕಲಿಯಬೇಕಾದ್ದು ಕಲಿಯಲಿಲ್ಲ.

ಭಾಷಾಂತರವೂ ಒಂದು ಕೆಲಸವೇ, ಹಾಳೆಯಲ್ಲಿ ಅದಕ್ಕೂ ಕಲಂ ಹಾಕಿ. ಭಾಷಾಂತರಕ್ಕೆ ಹೋದವರೇ ಆ ರೋಗಿಯ ಪ್ರೊಸೀಜರನ್ನೂ ಮಾಡಲಿ. ಆಪರೇಷನ್ ಒಪ್ಪಿಗೆಯಂಥ ಮಾತಿಗೆ ವಿದ್ಯಾರ್ಥಿಯನ್ನು ನಡುವೆ ನಿಲ್ಲಿಸಬೇಡಿ. ವಿವರಿಸಿ ಒಪ್ಪಿಗೆ ಪಡೆಯುವುದು ಡಾಕ್ಟರ ಹೊಣೆ.

ಕೇರಳ, ಬಂಗಾಳದಿಂದ ಬಂದವರಿಗೆ ಪದಪಟ್ಟಿ ಮಾಡಿಸುವಾಗ ಊರಿನ ಮಕ್ಕಳೇ ಮೇಷ್ಟರಾಗಲಿ. ನೋವು, ಉರಿ, ತಲೆಸುತ್ತು, ವಾಂತಿ, ಭೇದಿ, ಮುಟ್ಟು, ಉಚ್ಚೆ. ಪುಸ್ತಕದ ಪದ ಬೇಡ, 'ಮೂತ್ರವಿಸರ್ಜನೆ ಆಯಿತೇ' ಎಂದು ಕೇಳಿದರೆ ನಮ್ಮ ತಾತಂದಿರು ಮುಖ ಮುಖ ನೋಡುತ್ತಾರೆ. ಅದರ ಪಕ್ಕ ಮೋಸದ ಪದಗಳದೊಂದು ಸಾಲು ಇರಲಿ. ಆಯಾಸ ಎಂಬ ಒಂದೇ ಪದ ಎರಡು ಭಾಷೆಯಲ್ಲಿ ಎರಡು ರೋಗವಾಗುತ್ತದೆ. ಕೆ.ಜಿ.ಎಫ್. ಕಡೆಯವರು "ಮೂಚ್ಚು ವಾಂಗುದು" ಅಂದರೆ ಅದೂ ಏದುಸಿರೇ. ಗಣಿಧೂಳು ಕುಡಿದ ಹಳಬರ ಬಾಯಲ್ಲಿ ಆ ಮಾತು ಬಂದರೆ ಹಗುರವಾಗಿ ಬಿಡುವಂತಿಲ್ಲ.

ಹಂತ 6: "ನೀನು ಯಾವ ಪೈಕಿ ಮ್ಮಾ?"

ವಾರ್ಡಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಊರು ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ, ಯಾವ ಬೀದಿ ಎಂದು ಕೇಳುತ್ತಾರೆ, ಆಮೇಲೆ ಮೆಲ್ಲಗೆ ಇದು. ಕೆಲವರಿಗೆ ಬರೀ ಅಭ್ಯಾಸ. ಕೆಲವರು ಉತ್ತರ ಕೇಳಿ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ, ನೀರಿನ ಲೋಟ ಅತ್ತ ಸರಿಸುತ್ತಾರೆ. ನನ್ನೊಬ್ಬಳು ವಿದ್ಯಾರ್ಥಿನಿ ಇದಕ್ಕೆ ಹೆದರಿಯೇ ಊರಿನ ಹೆಸರು ಸುಳ್ಳು ಹೇಳುತ್ತಿದ್ದಳು.

ಇದನ್ನು ಮೊದಲೇ ಅಭ್ಯಾಸ ಮಾಡಿಸಬೇಕು, ಘಟನೆ ನಡೆದ ಮೇಲಲ್ಲ. ಡೆಮಾನ್‌ಸ್ಟ್ರೇಷನ್ ರೂಮಿನಲ್ಲಿ ಒಬ್ಬರು ರೋಗಿ, ಒಬ್ಬರು ನರ್ಸ್, ಒಬ್ಬರು ಲೀಡರ್. ರೋಗಿಯ ಪಾತ್ರವನ್ನು ಬೋಧಕರೇ ಮಾಡಿ. ಮಕ್ಕಳ ಬಾಯಲ್ಲಿ ಆ ಮಾತು ಹೊರಡಿಸುವುದು ಸರಿಯಲ್ಲ.

ನರ್ಸ್ ಪಾತ್ರದವರಿಗೆ ಒಂದೆರಡು ಉತ್ತರ ಸಿದ್ಧವಿರಲಿ. "ನಾನು ಈ ವಾರ್ಡಿನ ಪೈಕಿ ಅಮ್ಮಾ, ಕೈ ಚಾಚಿ, ಬಿ.ಪಿ. ನೋಡ್ತೀನಿ." ಇದು ನಮ್ಮ ಮಕ್ಕಳೇ ಕಟ್ಟಿದ್ದು, ಚೆನ್ನಾಗಿದೆ. ಆದರೆ ಎಲ್ಲರಿಗೂ ನಗುತ್ತಾ ಹೇಳಲು ಮನಸ್ಸು ಬರಬೇಕೆಂದಿಲ್ಲ. "ಅದೆಲ್ಲ ಇಲ್ಲಿ ಕೇಳಬಾರದು ಅಮ್ಮಾ" ಎಂದು ಸೀದಾ ಹೇಳುವವರು ಹಾಗೇ ಹೇಳಲಿ. ಹೇಳಿಕೊಳ್ಳಲು ಸಂಕೋಚವಿಲ್ಲದವರು ಹೇಳಿಕೊಳ್ಳಲಿ. ಆಯ್ಕೆ ಅವರದು.

ಲೀಡರಿಗೆ ಮಾತ್ರ ಆಯ್ಕೆ ಕಡಿಮೆ. ರೋಗಿಯ ಕಡೆಯವರು "ಬೇರೆಯವರನ್ನ ಕಳ್ಸಿ" ಅಂದಾಗ ಸದ್ದಿಲ್ಲದೆ ಬೇರೆಯವರನ್ನು ಕಳಿಸುವುದು ಎಲ್ಲಕ್ಕಿಂತ ಸುಲಭ. ಗಲಾಟೆ ಇಲ್ಲ, ಕೆಲಸ ಮುಗಿಯಿತು. ಹಾಗೆ ಮಾಡಿದ ಲೀಡರನ್ನು ನಾನು ಹಿಂದೆ ಶಹಬ್ಬಾಸ್ ಅಂದಿದ್ದೇನೆ, ಜಾಣತನ ಎಂದು. ವಾಪಸು ಬಂದ ಹುಡುಗಿ ಆ ದಿನವಿಡೀ ಲಿನನ್ ರೂಮಿನಲ್ಲಿ ಬೆಡ್‌ಶೀಟ್ ಮಡಿಸುತ್ತಾ ಕೂತದ್ದು ನನ್ನ ಕಣ್ಣಿಗೆ ಬಿದ್ದದ್ದು ಸಂಜೆ.

ಈಗ ಹೀಗೆ ಕಲಿಸುತ್ತೇನೆ. ಲೀಡರ್ ಆ ಹಾಸಿಗೆಗೆ ತಾನೇ ಹೋಗಬೇಕು, ಜೊತೆಗಾರ್ತಿಯ ಪಕ್ಕ ನಿಲ್ಲಬೇಕು. "ಇವರು ನಿಮ್ಮ ಹಾಸಿಗೆಯ ನರ್ಸ್. ಚೆನ್ನಾಗಿ ಡ್ರೆಸ್ಸಿಂಗ್ ಮಾಡ್ತಾರೆ. ನಾನೂ ಇಲ್ಲೇ ಇರ್ತೀನಿ" ಎನ್ನಬೇಕು. ಅಷ್ಟಕ್ಕೂ ಒಪ್ಪದಿದ್ದರೆ ಇನ್‌ಚಾರ್ಜ್ ಸಿಸ್ಟರನ್ನೂ ನನ್ನನ್ನೂ ಕರೆಯಬೇಕು. ಮುಂದೆ ವಾದ ಮಾಡುವುದು ನಮ್ಮ ಕೆಲಸ, ಹತ್ತೊಂಬತ್ತು ವರ್ಷದ ಮಕ್ಕಳದಲ್ಲ. ಜೀವಕ್ಕೆ ಅಪಾಯವಿದ್ದ ಹೊತ್ತಿನಲ್ಲಿ ಯಾರ ಕೈ ಮೊದಲು ಸಿಗುತ್ತದೋ ಅವರು ಮಾಡಲಿ, ಮಾತು ಆಮೇಲೆ. ಆ ಹುಡುಗಿಗೇ "ನಿನಗೆ ಇಲ್ಲಿ ಮುಂದುವರಿಯಬೇಕಾ, ಸ್ವಲ್ಪ ಹೊತ್ತು ಹೊರಗಿರಬೇಕಾ?" ಎಂದು ಕೇಳಿ, ಹೇಳಿದಂತೆ ಮಾಡಬೇಕು.

ಇದರ ಜೊತೆ ಇನ್ನೊಂದನ್ನು ಬೆರೆಸಬೇಡಿ. ಹೆಣ್ಣುಮಗಳೊಬ್ಬಳು ಸ್ನಾನಕ್ಕೋ ಕ್ಯಾತಿಟರಿಗೋ ಹೆಣ್ಣು ನರ್ಸೇ ಬೇಕು ಅಂದರೆ ಅದು ಅವಳ ಮಾನದ ಪ್ರಶ್ನೆ, ಕೊಡಬೇಕು. ಗಂಡು ರೋಗಿ ಬ್ರದರ್ ಬೇಕು ಅಂದರೂ ಅಷ್ಟೇ. ಹೆರಿಗೆ ವಾರ್ಡಿನ ಪೋಸ್ಟಿಂಗಿನಲ್ಲಿ ನಮ್ಮ ಹುಡುಗರು ತಾಯಂದಿರ ಒಪ್ಪಿಗೆ ಕೇಳಿ, ಹೆಣ್ಣು ಸಿಬ್ಬಂದಿಯ ಜೊತೆ ನಿಂತು ಕಲಿಯಬೇಕು. ಅವರನ್ನು ಕಾರಿಡಾರಿನಲ್ಲಿ ಕೂರಿಸಿ ಕೇಸ್ ಬುಕ್ ತುಂಬಿಸುವುದು ಅವರಿಗೂ ಅನ್ಯಾಯ, ನಾಳೆಯ ರೋಗಿಗೂ ಅನ್ಯಾಯ.

ಹಂತ 7: ದೊಡ್ಡವರಿಗೆ ಎರಡು ಸಲ ಹೇಳುವುದು

ಎಲ್ಲರ ಮಾತು ಕೇಳುವ ಲೀಡರ್, ಆ ಮಾತನ್ನು ಮೇಲಿನವರಿಗೆ ಮುಟ್ಟಿಸದಿದ್ದರೆ ಏನೂ ಆಗಲಿಲ್ಲ. ಸುರಕ್ಷತೆಯ ತರಬೇತಿಗಳಲ್ಲಿ ಒಂದು ನಿಯಮವಿದೆ: ಅಪಾಯ ಕಂಡರೆ ಕನಿಷ್ಠ ಎರಡು ಸಲ ಹೇಳು, ಆಗಲೂ ಕೇಳದಿದ್ದರೆ ಇನ್ನೂ ಮೇಲಕ್ಕೆ ಹೋಗು. ನಮ್ಮಲ್ಲಿ ಇದನ್ನು ಮರ್ಯಾದೆಯ ಭಾಷೆಯಲ್ಲೇ ಮಾಡಬಹುದು.

ಮೊದಲ ಸಲ: "ಸಿಸ್ಟರ್, ಒಂದು ನಿಮಿಷ. ಕೇಸ್ ಶೀಟಿನಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಬರೆದಿದೆ. ಇದು ಆಂಪಿಸಿಲಿನ್ ಅಲ್ವಾ?"
ಎರಡನೇ ಸಲ: "ಸಿಸ್ಟರ್, ಇದನ್ನ ಕೊಟ್ಟರೆ ರಿಯಾಕ್ಷನ್ ಆಗಬಹುದು ಅಂತ ನನಗೆ ಭಯ. ಡಾಕ್ಟರನ್ನ ಒಂದು ಸಲ ಕೇಳೋಣ, ಅಲ್ಲಿವರೆಗೆ ಕೊಡಬೇಡಿ."

ಸೀನಿಯರಿನ ಪಾತ್ರ ಮಾಡುವವರು ನಿಜಕ್ಕೂ ರೇಗಬೇಕು. "ನೀನು ನನಗೆ ಹೇಳಿಕೊಡ್ತೀಯಾ?" ಎಂಬ ಮಾತು ತರಗತಿಯಲ್ಲಿ ನಾಲ್ಕು ಸಲ ಕೇಳಿದ ಕಿವಿಗೆ ವಾರ್ಡಿನಲ್ಲಿ ಅಷ್ಟು ಚುಚ್ಚುವುದಿಲ್ಲ. ವಾರ್ಡಿನ ಶುಶ್ರೂಷಾಧಿಕಾರಿಗಳಿಗೂ ಮೊದಲೇ ಹೇಳಿಡಿ, ಮಕ್ಕಳು ಹೀಗೆ ಕೇಳುತ್ತಾರೆ ಎಂದು. ಹೇಳದೆ ಕಳಿಸಿದ ಒಂದು ಬ್ಯಾಚಿನ ಹುಡುಗ ಚೆನ್ನಾಗಿ ಬೈಸಿಕೊಂಡು ಬಂದ, ತಪ್ಪು ನನ್ನದು.

ಹಂತ 8: ಹಾಸ್ಟೆಲ್, ಹಬ್ಬ, ದುಡ್ಡು

ವಾರ್ಡಿನಲ್ಲಿ ಕಲಿತದ್ದು ಮೆಸ್ಸಿನ ಮೇಜಿನಲ್ಲಿ ಕರಗಿಹೋಗಬಾರದು. ಇಲ್ಲಿ ಒಂದೇ ಅಭ್ಯಾಸ ಹೇಳುತ್ತೇನೆ: ಹಬ್ಬದ ತಿಂಗಳ ಡ್ಯೂಟಿ ಪಟ್ಟಿಯನ್ನು ಮಕ್ಕಳೇ ಮಾಡಲಿ. 2025ರ ಕ್ಯಾಲೆಂಡರ್ ಇದಕ್ಕೆ ಒಳ್ಳೆಯ ಪಾಠ. ಮಾರ್ಚ್ 30 ಯುಗಾದಿ. ಮಾರ್ಚ್ 31 ನಮ್ಮ ಕಡೆಯ ಹೊಸತೊಡಕು, ಅದೇ ದಿನ ರಂಜಾನ್ ಹಬ್ಬ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ತಮಿಳರ ಹೊಸವರ್ಷ, ಮಲಯಾಳಿಗಳ ವಿಷು, ಮೂರೂ ಒಂದೇ ದಿನ. ವಾರ್ಡ್ ಮುಚ್ಚುವಂತಿಲ್ಲ. ಎಂಟು ಜನರಲ್ಲಿ ನಾಲ್ವರು ಇರಲೇಬೇಕು. ಹಂಚಿ ನೋಡೋಣ ಎಂದು ಕಾಗದ ಕೊಡಿ.

ಮೊದಲ ಸುತ್ತಿನಲ್ಲಿ ಬಹುಮತದವರ ಹಬ್ಬಕ್ಕೆ ರಜೆ, ಉಳಿದವರಿಗೆ ಡ್ಯೂಟಿ ಎಂದು ಪಟ್ಟಿ ಬರುತ್ತದೆ. ಎರಡನೇ ಸುತ್ತಿನಲ್ಲಿ ಅದಲು ಬದಲು ಶುರುವಾಗುತ್ತದೆ: "ನಿನ್ನ ಸಹರಿ ಹೊತ್ತಿನ ನೈಟ್ ಡ್ಯೂಟಿ ನಾನು ಮಾಡ್ತೀನಿ, ಯುಗಾದಿಗೆ ನೀನಿರು." ಊರು ದೂರವಾದ ಬಂಗಾಳದ ಮಕ್ಕಳು ಹೇಗೂ ಹಾಸ್ಟೆಲ್ಲಲ್ಲೇ ಇರುತ್ತಾರಲ್ಲ ಎಂದು ಎಲ್ಲ ಹಬ್ಬದ ಡ್ಯೂಟಿಯೂ ಅವರ ತಲೆಗೆ ಬೀಳುವುದುಂಟು. ಲೀಡರ್ ಗಮನಿಸಬೇಕಾದ್ದು ಅದನ್ನೇ.

ದುಡ್ಡಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಫೇರ್‌ವೆಲ್, ಟೀಚರ್ಸ್ ಡೇ, ಮೇ 12ರ ನರ್ಸಸ್ ಡೇಗೆ ತಲಾ ಇಷ್ಟು ಎಂದು ವಾಟ್ಸಾಪ್ ಗುಂಪಿನಲ್ಲಿ ಕೊಟ್ಟವರ, ಕೊಡದವರ ಪಟ್ಟಿ ಹಾಕುವುದನ್ನು ನಿಲ್ಲಿಸಿ. ಡಬ್ಬಿ ಇಡಿ, ಆದಷ್ಟು ಹಾಕಲಿ. ಬಂಗಾರಪೇಟೆಯಿಂದ ಬಸ್ ಪಾಸಿನಲ್ಲಿ ಬರುವವರು ಸಂಜೆಯ ಸಭೆಗೆ ಉಳಿಯುವುದಿಲ್ಲ ಎಂದು ದೂರುವ ಬದಲು ಸಭೆಯನ್ನು ಮಧ್ಯಾಹ್ನಕ್ಕೆ ತನ್ನಿ.

ಹಂತ 9: ಲೀಡರ್ ಕೈಗೆ ಕೊಡಬಾರದ್ದು

ರ‍್ಯಾಗಿಂಗ್, ಲೈಂಗಿಕ ಕಿರುಕುಳ, ಜಾತಿ ನಿಂದನೆ: ಈ ಮೂರು ಗೆಳೆಯರ ನಡುವೆ ರಾಜಿ ಮಾಡಿಸುವ ಸಂಗತಿಗಳಲ್ಲ. ಲೀಡರ್ ಕೇಳಿಸಿಕೊಳ್ಳಬೇಕು, ತಕ್ಷಣ ನಂಬಿಕೆಯ ಬೋಧಕರಿಗೆ ಮುಟ್ಟಿಸಬೇಕು, ಬೇರೆ ಯಾರಿಗೂ ಹೇಳಬಾರದು. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯಂತೆ ಸಂಸ್ಥೆಯ ಆಂತರಿಕ ಸಮಿತಿಗೆ ಹೋಗಬೇಕು. ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ರ‍್ಯಾಗಿಂಗಿಗೆ ರಾಷ್ಟ್ರೀಯ ಸಹಾಯವಾಣಿ 1800-180-5522. ಈ ಸಂಖ್ಯೆ ಪ್ರಿನ್ಸಿಪಾಲರ ಕೊಠಡಿಯ ಹೊರಗೆ ಇದ್ದರೆ ಸಾಲದು, ಹಾಸ್ಟೆಲ್ಲಿನ ಬಾತ್‌ರೂಮ್ ಬಾಗಿಲಿನ ಒಳಗಡೆ ಅಂಟಿಸಿ. ಅಲ್ಲಿ ಯಾರೂ ನೋಡದ ಹಾಗೆ ಬರೆದುಕೊಳ್ಳಬಹುದು.

ಹಂತ 10: ಕಲಿತರೋ ಇಲ್ಲವೋ

ಅಂಕ ಕೊಡಲು ಹೋಗಬೇಡಿ, ಅಂಕ ಬಂದ ಕೂಡಲೇ ನಾಟಕ ಶುರುವಾಗುತ್ತದೆ. ಹ್ಯಾಂಡ್‌ಓವರ್ ಹೊತ್ತಿನಲ್ಲಿ ಒಂದು ಮೂಲೆಯಲ್ಲಿ ನಿಂತು, ಯಾರು ಎಷ್ಟು ಸಲ ಮಾತಾಡಿದರು ಎಂದು ಗೀಟು ಹಾಕಿ. ಮೊದಲ ವಾರದ ಚೀಟಿ, ನಾಲ್ಕನೇ ವಾರದ ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು, ಮೂರು ದಿನದ ಪಾಳಿ ಮುಗಿಸಿದ ಪ್ರತಿ ಲೀಡರ್ ಒಂದೇ ಪ್ರಶ್ನೆಗೆ ಬರೆದು ಕೊಡಲಿ, ಯಾವ ಭಾಷೆಯಲ್ಲಾದರೂ: "ಈ ಮೂರು ದಿನದಲ್ಲಿ ನಿನಗೆ ಗೊತ್ತಿರದ ಯಾವ ವಿಷಯವನ್ನು ನಿನ್ನ ಗುಂಪಿನವರು ಹೇಳಿದರು, ಹೇಳಿದವರು ಯಾರು?" ಹಾಳೆ ಖಾಲಿ ಬಂದರೆ ಆ ಲೀಡರ್ ಜೊತೆ ಕೂತು ಮಾತಾಡಿ. ಒಂದೇ ಹೆಸರು ಉಳಿದ ಏಳು ಹಾಳೆಯಲ್ಲೂ ಬಂದರೆ ಉಳಿದವರ ಜೊತೆ.

ಎರಡು ಪೋಸ್ಟಿಂಗ್ ಆಗುವ ಹೊತ್ತಿಗೆ ತಪ್ಪುಗಳು ಹೆಚ್ಚು ಹೊರಬರುತ್ತವೆ. ಔಷಧಿ ತಡವಾಯಿತು, ಚಾರ್ಟ್ ಬರೆಯಲು ಮರೆತೆ ಎಂದು ಮಕ್ಕಳು ತಾವಾಗಿ ಬಂದು ಹೇಳುತ್ತಾರೆ. ನಿಮ್ಮ ಗುಂಪೇ ಎಲ್ಲಕ್ಕಿಂತ ತಪ್ಪು ಮಾಡುವ ಗುಂಪು ಎಂದು ಪ್ರಿನ್ಸಿಪಾಲರಿಗೆ ಕಾಣಬಹುದು. ಹೆದರಬೇಡಿ, ಅವು ಮೊದಲೂ ಆಗುತ್ತಿದ್ದವು, ಯಾರೂ ಹೇಳುತ್ತಿರಲಿಲ್ಲ ಅಷ್ಟೇ. ಆ ಹೊತ್ತಿನಲ್ಲಿ ಬೋಧಕರು ಒಂದು ಸಲ ಬೈದರೂ ನಾಲ್ಕು ವಾರದ ಕೆಲಸ ಮಣ್ಣುಪಾಲು.

ಹಂತ 11: ಮುಂದಿನ ಬ್ಯಾಚಿಗೆ

ಪೋಸ್ಟಿಂಗ್ ಮುಗಿದ ದಿನ ಖಾಲಿ ಭಾಷೆಯ ಪಟ್ಟಿ, ಖಾಲಿ ಕೆಲಸದ ಹಾಳೆ, ನಾಲ್ಕು ಪ್ರಶ್ನೆಯ ಚೀಟಿ, ಪದಪಟ್ಟಿ ಇಷ್ಟನ್ನು ಒಂದು ಫೈಲಿಗೆ ಹಾಕಿ, ಕೊನೆಯ ಪಾಳಿಯ ಲೀಡರ್ ಜೂನಿಯರ್ ಬ್ಯಾಚಿನ ಮೊದಲ ಲೀಡರಿಗೆ ಕೈಯಾರೆ ಕೊಡಲಿ. ಹೆಸರಿರುವ ತುಂಬಿದ ಹಾಳೆಗಳನ್ನು ಫೈಲಿಗೆ ಹಾಕಬೇಡಿ, ಹರಿದುಬಿಡಿ. ಪದಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸುವ ಆಸೆ ಆಗುತ್ತದೆ, ಮಾಡಿಸಬೇಡಿ. ಪೆನ್ಸಿಲಿನಲ್ಲಿ ಸೇರಿಸಲು ಜಾಗ ಇರಬೇಕು. ನಮ್ಮದರಲ್ಲಿ ಮೋಸದ ಪದಗಳ ಸಾಲಿನಲ್ಲಿ ಮೊದಲನೆಯದು ಆಯಾಸ. ಅದರ ಮುಂದೆ ಶ್ರೀನಿವಾಸಪುರದ ಹುಡುಗಿ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಾಳೆ: 'ತೆಲುಗಿನವರು ಹೇಳಿದರೆ ಮೊದಲು ಉಸಿರು ಎಣಿಸಿ.'